ಶಿವನಂಜಮ್ಮನ ಟಮಾಟೆ

ಕೊಪ್ಪದ ಮರಿಸಿದ್ದಯ್ಯನ ಮನೆಯಲ್ಲಿ ಆ ದಿನ ಬೆಳಗ್ಗೆ ಒಂದು ಬೆರಣಿ ಉರಿಯಿತು. ಬೆರಣಿ ಇರುವುದೇ ಉರಿಯಲಿಕ್ಕೆ, ಅದರಲ್ಲೇನು ಕತೆ ಎಂದು ಯಾರಾದರೂ ಕೇಳಬಹುದು. ಆದರೆ ಇದು ಅವನ ಹೆಂಡತಿ ಶಿವನಂಜಮ್ಮ ಅಡುಗೆಮನೆಯ ಗೋಡೆಗೆ ಕೈಯಾರೆ ತಟ್ಟಿ ಅಂಟಿಸಿದ್ದ ಬೆರಣಿ. ಅದರ ಹೊಟ್ಟೆಯಲ್ಲಿ ಟಮಾಟೆ ಬೀಜವಿತ್ತು. ಹುಳ ಹಿಡಿಯದಿರಲೆಂದು ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಕಲೆಸಿ, ಒಲೆಯ ಹೊಗೆ ತಾಗುವ ಕಡೆ ತಟ್ಟಿಡುವುದು ಅವಳ ಪದ್ಧತಿ. ಕಾರ್ತೀಕದಲ್ಲಿ ಬೆರಣಿ ತಟ್ಟಿದಳು. ಪುಷ್ಯದಲ್ಲಿ ಜ್ವರ ಬಂದು ಹೋಗಿಯೇಬಿಟ್ಟಳು. ಬೆರಣಿ ಗೋಡೆಯ ಮೇಲೆ ಉಳಿಯಿತು.

ಈಗ ಆಷಾಢ. ಹಿಂದಿನ ದಿನ ಒಳ್ಳೆಯ ಮಳೆ ಬಿದ್ದಿತ್ತು. ಇವತ್ತು ಬೀಜ ಹಾಕೋಣವೆಂದು ಮರಿಸಿದ್ದಯ್ಯ ಎದ್ದು ಬಂದು ನೋಡಿದರೆ ಗೋಡೆಯ ಮೇಲೆ ಬೆರಣಿಯಿದ್ದ ಜಾಗದಲ್ಲಿ ಒಂದು ದುಂಡನೆಯ ಗುರುತು ಮಾತ್ರ ಇತ್ತು.

"ಅಕ್ಕಾ, ಇಲ್ಲಿದ್ದ ಬೆರಣಿ ಎಲ್ಲಿ?"

ಅಕ್ಕ ಮಹದೇವಮ್ಮ ತಮ್ಮನನ್ನು ನೋಡಿಕೊಂಡು ಹೋಗಲು ಹಿಂದಿನ ಸಂಜೆಯಷ್ಟೇ ಬಂದಿದ್ದಳು. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು.

"ನೀರೊಲೆಗೆ ಆಕ್ದೆ ಕಣ್ಲಾ. ಸೌದೆಯೆಲ್ಲ ನೆಂದೋಗದೆ. ಅದೊಂದು ನೋಡು, ಕರ್ಪೂರದಂಗೆ ಅತ್ಕಂತು. ನೀರು ಕಾದದೆ, ಮಿಂದ್ಕೊ ಓಗು. ಆಮೇಕೆ ಇತ್ಲು ಕಡೀಕೆ ನುಗ್ತೀನಿ. ಬಚ್ಚಲ ಇಂದ್ಗಡೆ ಕಾಲಿಡಕ್ಕಾಗ್ದಂಗೆ ಕಳೆ ಬೆಳ್ಕಂಡದೆ. ಮನೇಲಿ ಮನುಸ್ರು ಇದ್ದಾರೋ ಇಲ್ವೋ ಅನ್ನಂಗೆ."

ಮರಿಸಿದ್ದಯ್ಯನ ಬಾಯಿಗೆ ಮಾತು ಬಂತು, ಅಕ್ಕನ ಮಸಿ ಹತ್ತಿದ ಮುಖ ನೋಡಿ ಹಿಂದಕ್ಕೆ ಹೋಯಿತು. ಪಾಪ, ಅವಳಿಗೇನು ಗೊತ್ತು. ಹೇಳಿದರೆ ಮೂರು ದಿನ ಊಟ ಬಿಡುವ ಜೀವ ಅದು. ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ಒಳ್ಳೆಯವರು ಬಾಯಿ ಮುಚ್ಚಿಕೊಂಡೇ ಕೆಡುತ್ತಾರೆ. "ವಸಿ ಕೆಲ್ಸ ಅದೆ, ಬತ್ತೀನಿ" ಎಂದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಸ್ನಾನ ಹೇಗೂ ನಾಲೆಯಲ್ಲೇ. ಶಿವನಂಜಮ್ಮ ಹೋದ ಮೇಲೆ ಅವನು ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ಅದು ಅವಳ ಜಾಗ. ಅಲ್ಲಿಗೆ ಹೋದರೆ ಅವಳು ಇಲ್ಲ ಎನ್ನುವುದು ಕಣ್ಣಿಗೆ ಹೊಡೆಯುತ್ತಿತ್ತು.

ಆ ಟಮಾಟೆ ಸಾಮಾನ್ಯದ್ದಲ್ಲ. ಶಿವನಂಜಮ್ಮನ ತಾತ ಶಿವನಸಮುದ್ರದ ಬಿಳಿ ದೊರೆಗಳ ಬಂಗಲೆಯ ತೋಟದಲ್ಲಿ ನೀರು ಕಟ್ಟುತ್ತಿದ್ದಾಗ ಸೊಂಟದಲ್ಲಿ ಬಚ್ಚಿಟ್ಟುಕೊಂಡು ತಂದ ತಳಿ. ಹಣ್ಣು ಪುಟ್ಟ ಕುಂಬಳಕಾಯಿಯಂತೆ ಹೋಳು ಹೋಳಾಗಿ ಊದಿಕೊಂಡಿರುತ್ತಿತ್ತು. ಒಂದು ಹಣ್ಣು ಹಿಂಡಿದರೆ ಸಾರಿಗೆ ಹುಣಿಸೆ ಬೇಕಿರಲಿಲ್ಲ. ಮದುವೆಯಾದ ವರ್ಷ ಆಷಾಢಕ್ಕೆ ಮಳವಳ್ಳಿಯ ತವರಿಗೆ ಹೋದ ಶಿವನಂಜಮ್ಮನನ್ನು ಮರಿಸಿದ್ದಯ್ಯ ತಿಂಗಳು ಮುಗಿಯುವವರೆಗೂ ತಡೆಯಲಾರದೆ, ನಾಲ್ಕು ದಿನಕ್ಕೇ ಹೋಗಿ ಕರೆತಂದು ಊರವರ ಬಾಯಿಗೆ ಬಿದ್ದಿದ್ದ. ಆಗ ಅವಳ ಸೆರಗಿನ ಗಂಟಿನಲ್ಲಿ ಬಂದದ್ದು ಈ ಬೀಜ.

ಆಮೇಲೆ ಅವಳು ಒಂದು ದಿನವೂ ತವರಿಗೆ ಹೋಗಿ ಉಳಿದವಳಲ್ಲ. ಜಗಳವಾದಾಗಲೆಲ್ಲ "ತವರ್ಗೆ ಓಯ್ತೀನಿ" ಎನ್ನುವಳು. "ಓಗು" ಎನ್ನುವನು ಇವನು. ಅವಳು ಸೀರೆ ಗಂಟು ಕಟ್ಟಿ, ಹೊರಡುವ ಮುಂಚೆ ಗಿಡಕ್ಕೆ ಒಂದು ಚೊಂಬು ನೀರು ಹಾಕುತ್ತೇನೆಂದು ಹಿತ್ತಲಿಗೆ ಹೋಗುವಳು. ಒಂದು ಚೊಂಬು ಹತ್ತು ಚೊಂಬಾಗಿ, ಒಣಗಿದ ಎಲೆ ಕಿತ್ತು, ಬಾಗಿದ್ದಕ್ಕೆ ಕೋಲು ಕೊಡುವ ಹೊತ್ತಿಗೆ ಸಂಜೆಯಾಗಿ ಕೋಪ ಆರಿರುತ್ತಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಅವಳನ್ನು ಹಿಡಿದಿಟ್ಟದ್ದು ಆ ಗಿಡಗಳೇ. ಈಗ ಅವಳ ಗುರುತು ಎಂದು ಉಳಿದಿದ್ದ ಬೀಜವೂ ನೀರೊಲೆಯಲ್ಲಿ ಬೂದಿಯಾಗಿತ್ತು.

ಸಸಿಯ ವಿಚಾರದಲ್ಲಿ ಶಿವನಂಜಮ್ಮನದು ಒಂದೇ ಕಟ್ಟಳೆ. "ಬಿಟ್ಟಿ ಕೊಟ್ಟ ಸಸಿ ಬಾಡ್ತದೆ, ದುಡ್ಗೆ ಕೊಟ್ಟ ಸಸಿ ತವರು ಮರೀತದೆ" ಎಂದು ಹೇಳಿ, ಏನಾದರೊಂದು ಬದಲು ಇಸಿದುಕೊಂಡೇ ಕೊಡುತ್ತಿದ್ದಳು. ಅವಳು ಹಾಗೆ ಕೊಟ್ಟ ಮನೆಗಳಲ್ಲಿ ಒಂದಾದರೂ ಗಿಡ ಇರಬೇಕಲ್ಲ. ಮೊದಲು ಪಕ್ಕದ ಮನೆ ಮೀನಾಕ್ಷಮ್ಮನ ಬಾಗಿಲಿಗೆ ಹೋದ.

"ನನ್ ತಾವ ಎಲ್ಲವ್ವೆ ಮರಿಸಿದ್ದಣ್ಣ, ನನ್ ಮೇಕೆಗಳು ಬುಟ್ಟಾವಾ? ಓದೊರ್ಸ್ವೇ ಬುಡ್ಸಮೇತ ತಿಂದಾಕ್ಬುಟ್ವು" ಎಂದಳು ಮೀನಾಕ್ಷಮ್ಮ. "ಕೆರಗೋಡಲ್ಲಿ ನಿನ್ ನಾದ್ನಿ ಪುಟ್ಟಮಾದಮ್ಮ ಅವ್ಳಲ್ಲ, ಅವ್ಳ್ ತಾವ ಕೇಳು. ಬರೀಗೈಲಿ ಓದ್ರೆ ಕೊಡಕಿಲ್ಲ ಮತ್ತೆ. ನಿನ್ನೆಡ್ತೀನೇ ಕಲ್ಸಿರೋದು. ನನ್ ಈರನಗೆರೆ ಬದ್ನೆ ಸಸಿ ಅಂದ್ರೆ ಅವ್ಳು ಪ್ರಾಣ ಬುಡ್ತಾಳೆ. ಮೇಕೆಗೆ ಎಟಕ್ದಂಗೆ ಮಾಡ್ ಮೇಲೆ ಮಡ್ಗಿವ್ನಿ. ತಕ್ಕೊಂಡೋಗು."

"ಕೊಡವ್ವ. ಪುಣ್ಯ ಬತ್ತದೆ."

"ಪುಣ್ಯ ಇರ್ಲಿ. ಬದ್ಲು ಏನ್ ಕೊಟ್ಟೀಯೆ? ಆ ಕೆಂಪು ಕೋಳಿ ಕೊಡು."

ಕೆಂಪು ಕೋಳಿಯೂ ಶಿವನಂಜಮ್ಮ ಸಾಕಿದ್ದೇ. ಅವಳು ಹೋದ ಮೇಲೂ ಸಂಜೆಯಾದರೆ ಹೊಸಿಲ ಹತ್ತಿರ ಬಂದು ಅವಳು ಕೂರುತ್ತಿದ್ದ ಕಡೆಯೇ ಮುದುರಿಕೊಳ್ಳುತ್ತಿತ್ತು. ಕೊನೆಗೆ ಮರಿಸಿದ್ದಯ್ಯ ಕೋಳಿಯನ್ನು ಹಿಡಿದು ತಂದು ಕೊಟ್ಟ. ಅದು ಅವನ ಮುಖ ನೋಡಿ ಒಂದು ಸಲ ಕೊಕ್ಕೊಕ್ ಎಂದಿತು, ಅಷ್ಟೆ.

ಬದನೆ ಸಸಿಯ ಕಟ್ಟು ಹಿಡಿದು ಅರಳಿಕಟ್ಟೆ ದಾಟುವಾಗ ಚಿಕ್ಕಬೋರಯ್ಯ ಸಿಕ್ಕಿಬಿದ್ದ. ಇವನೇ ಅವನಿಗೆ ಸಿಕ್ಕಿಬಿದ್ದ ಎನ್ನುವುದು ಹೆಚ್ಚು ಸರಿ. ಊರಿನ ಸುದ್ದಿಯೆಲ್ಲ ಒಂದು ಸಲ ಚಿಕ್ಕಬೋರಯ್ಯನ ಬಾಯಲ್ಲಿ ಬೆಂದೇ ಮುಂದಕ್ಕೆ ಹೋಗಬೇಕು.

"ಎತ್ತಾಗ್ಲಾ ಸವಾರಿ?"

"ಕೆರಗೋಡ್ಗೆ. ನಾದ್ನಿ ಮನೆಗೆ."

"ಕೈಲಿ ಸಸಿ, ಎಗಲ್ ಮೇಲೆ ಮಡಿ ಟವೆಲ್ಲು. ಗೊತ್ತಾಯ್ತು ಬುಡು. ನಾದ್ನಿ ಕಡೆ ಸಂಬಂದ ನೋಡ್ತಾವ್ಳಾ? ಅಲ್ಲ ಕಣ್ಲಾ, ಆಸಾಡದಲ್ಲಿ ಎಣ್ಣು ನೋಡಕ್ಕೋಯ್ತಾರಾ ಯಾರಾರೂವೆ? ಆವತ್ತೂ ನಿಂಗೆ ಆಸಾಡ ತಡ್ಯಕ್ಕಾಗ್ಲಿಲ್ಲ, ಇವತ್ತೂ ಆಯ್ತಿಲ್ಲ."

ಮರಿಸಿದ್ದಯ್ಯ ಸಸಿಯ ಕಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಕೆರಗೋಡಿನ ದಾರಿ ಹಿಡಿದ. ಅಲ್ಲ ಎನ್ನದೆ ಹೋದದ್ದನ್ನು ಚಿಕ್ಕಬೋರಯ್ಯ ಒಪ್ಪಿಗೆ ಎಂದು ತಿಳಿದುಕೊಂಡ.

ಕೆರಗೋಡಿನಲ್ಲಿ ಪುಟ್ಟಮಾದಮ್ಮ ಬಾವನನ್ನು ಕಂಡವಳೇ ತೀರಿಹೋದ ತನ್ನ ಅಕ್ಕನನ್ನು ನೆನೆದು ಅತ್ತಳು. ನಂತರ ಮುಖ ಒರೆಸಿಕೊಂಡು ಬದನೆ ಸಸಿ ಇಸಿದುಕೊಂಡಳು. ಟಮಾಟೆಯ ಮಾತೆತ್ತಿದಾಗ ಮತ್ತೆ ಅತ್ತಳು.

"ನಾನು ಅಕ್ಕನ್ ಮಾತು ಮೀರ್ಬುಟ್ಟೆ ಬಾವ. ಮಂಡ್ಯದ ಚಲುವರಾಜು ಅಂತ, ಸಕ್ರೆ ಕಾರ್ಖಾನೇಲಿ ಗುಮಾಸ್ತ, ಬಂದು ಕೇಳ್ದ. ಇದ್ದಬದ್ದ ಸಸಿಯೆಲ್ಲ ದುಡ್ಗೆ ಕೊಟ್ಬುಟ್ಟೆ. ಆವತ್ನಿಂದ ನನ್ ಇತ್ಲಲ್ಲಿ ಒಂದು ಟಮಾಟೆ ಗಿಡ ಏಳ್ನಿಲ್ಲ. ಅಕ್ಕನ್ ಬಾಯಿ ಅಂತದ್ದು."

"ಅವ್ನು ಕೇಳಿದ್ರೆ ಕೊಟ್ಟಾನಾ?"

"ಬೆಲ್ಲ ಒಯ್ದು ಕೊಡು, ಕೊಡ್ತಾನೆ. ಇರೋದು ಸಕ್ರೆ ಕಾರ್ಖಾನೇಲಿ, ಮನೇಲಿ ಕಾಪಿಗೆ ಸಕ್ರೆ ಇಲ್ಲ. ಅದ್ಯಾವ್ದೋ ಯುದ್ದ ಅಂತೆ, ರೇಸನ್ ಕಾರ್ಡಂತೆ. ಬೆಲ್ಲ ಕಂಡ್ರೆ ಕೈ ಮುಗೀತಾನೆ." ಬದನೆ ಸಸಿಗೆ ಬದಲಾಗಿ ಒಂದು ಅಚ್ಚು ಬೆಲ್ಲವನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟಳು.

ಮಂಡ್ಯ ತಲುಪುವ ಹೊತ್ತಿಗೆ ಬೆಲ್ಲಕ್ಕೆ ಬೆವರು ಬಂದಿತ್ತು, ಮರಿಸಿದ್ದಯ್ಯನಿಗಂತೂ ಬಂದೇ ಇತ್ತು. ದಾರಿಯುದ್ದಕ್ಕೂ ನೊಣಗಳು ಬೀಗರ ಹಾಗೆ ಜೊತೆ ಬಿಡದೆ ಬಂದವು. ಚಲುವರಾಜು ಎಲೆ ಬಿಚ್ಚಿ ಬೆಲ್ಲದ ವಾಸನೆ ನೋಡಿ ಕಣ್ಣು ಮುಚ್ಚಿದ. ಆಮೇಲೆ ಟಮಾಟೆಯ ವಿಷಯ ಕೇಳಿ ಕಣ್ಣು ಬಿಟ್ಟ.

"ಆ ಹೋಳು ಹೋಳು ಹಣ್ಣಿನದಾ? ಎಲ್ಲಾ ಕೀಳಿಸಿಬಿಟ್ಟೆನಲ್ಲ ಗೌಡ್ರೇ. ಬೆಂಗಳೂರಿಂದ ಹೊಸ ಬೀಜ ತರಿಸಿದೀನಿ. ನೋಡಿ, ಒಂದೊಂದೂ ಗೋಲಿ ಹಾಗೆ ಎಷ್ಟು ನುಣ್ಣಗಿದೆ. ಬೇಕಾದ್ರೆ ಇದನ್ನ ತಗೊಂಡು ಹೋಗಿ."

"ಬ್ಯಾಡ ಸೋಮಿ. ನನ್ನೆಡ್ತಿ ಗಿಡ ಅದು. ಅದ್ನೇ ಕೇಳ್ಕಂಡು ಬಂದೆ."

ಚಲುವರಾಜು ಅವನ ಮುಖ ನೋಡಿದ. ಹಿತ್ತಲಿಗೆ ಹೋಗಿ ಮೂಲೆ ಮೂಲೆ ಹುಡುಕಿ, ಬಚ್ಚಲ ಕಾಲುವೆಯ ಕಲ್ಲಿನ ಸಂದಿಯಲ್ಲಿ ತಾನಾಗಿ ಎದ್ದಿದ್ದ ಒಂದೇ ಒಂದು ಸಸಿಯನ್ನು ಮಣ್ಣುಸಮೇತ ಎತ್ತಿ ತೆಂಗಿನ ಕರಟದಲ್ಲಿಟ್ಟು ತಂದುಕೊಟ್ಟ. ಮರಿಸಿದ್ದಯ್ಯ ಬೆರಳಿನಿಂದ ಎಲೆ ಸವರಿ ಮೂಗಿನ ಹತ್ತಿರ ತಂದ. ಅದೇ ವಾಸನೆ. ಸಂಜೆ ಮುದ್ದೆ ಬಡಿಸುವಾಗ ಶಿವನಂಜಮ್ಮನ ಕೈಯಿಂದ ಬರುತ್ತಿದ್ದ ಹಸಿರು ಘಾಟು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ, ಅವನು ಬಯ್ಯುತ್ತಿದ್ದ.

"ಕಾರ್ಖಾನೆ ಒಗೆ ಕಣ್ಗೋಯ್ತು ಸೋಮಿ" ಎಂದು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

ಆ ವಾರ ಕಾರ್ಖಾನೆ ನಿಂತಿತ್ತು. ಚಲುವರಾಜು ಹೌದು ಹೌದು, ಬಹಳ ಹೊಗೆ ಎಂದ.

ವಾಪಸ್ಸು ಬರುವಾಗ ಬಸ್ಸು ಸಿಕ್ಕಿತು. ಪೆಟ್ರೋಲು ಸಿಗದ ಕಾಲ, ಬೆನ್ನ ಹಿಂದೆ ಇದ್ದಿಲು ಒಲೆ ಕಟ್ಟಿಕೊಂಡು ಓಡುವ ಬಸ್ಸು. ಏರು ಬಂದಾಗಲೆಲ್ಲ ಜನ ಇಳಿದು ತಳ್ಳಬೇಕು. ಮರಿಸಿದ್ದಯ್ಯ ಒಂದು ಕೈಯಲ್ಲಿ ಕರಟ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತಳ್ಳಿದ. "ಅದೇನಯ್ಯ, ದೇವ್ರ ಕಳ್ಸ ಒತ್ಕಂಡಂಗೆ ಒತ್ಕಂಡಿದ್ದೀಯೆ" ಎಂದು ಪಕ್ಕದವನು ರೇಗಿದ. ಇವನು ಕೇಳಿಸಿಕೊಳ್ಳಲಿಲ್ಲ. ಆರು ತಿಂಗಳಲ್ಲಿ ಮೊದಲ ಸಲ ಅವನಿಗೆ ಬೇಗ ಮನೆ ಸೇರಬೇಕು ಎನಿಸಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದ. ಅಕ್ಕ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿ ಮದುವೆ ಮನೆಯ ಯಜಮಾನಿಯಂತೆ ನಿಂತಿದ್ದಳು. ಮರಿಸಿದ್ದಯ್ಯ ಕರಟವನ್ನು ಜಗಲಿಯ ಮೇಲೆ ಜೋಪಾನವಾಗಿಟ್ಟು ಕಾಲು ತೊಳೆದುಕೊಂಡ.

"ಎಣ್ಣು ಎಂಗದೆ?" ಎಂದಳು ಅಕ್ಕ.

"ಯಾವೆಣ್ಣಕ್ಕ?"

"ನನ್ ತಾವ ಮುಚ್ಚಿಡ್ಬ್ಯಾಡ. ಚಿಕ್ಕಬೋರಯ್ಯ ಬಂದು ಎಲ್ಲಾ ಏಳ್ದ. ನಂಗೆ ಎಷ್ಟು ಕುಸಿಯಾಯ್ತು ಗೊತ್ತಾ? ನಾಳೆ ಬೀಗ್ರು ಬಂದ್ರೆ ಸಾರ್ಗೆ ಒಂದು ಕೋಳಿನಾದ್ರೂ ಬ್ಯಾಡ್ವಾ ಅಂತ ನೋಡಿದ್ರೆ ನಮ್ ಕೋಳಿ ಮೀನಾಕ್ಸಮ್ಮನ್ ಮನೇಲಿ ಅದೆ. ಕೇಳಿದ್ರೆ, ನಿನ್ ತಮ್ಮನೇ ಕೊಟ್ಟ, ಬದ್ಲು ಏನಾರ ಕೊಟ್ರೆ ತಿರುಗ್ಸಿ ಕೊಟ್ಟೇನು ಅಂದ್ಲು. ನಿನ್ ಮನೇಲಿ ಕೊಡಕ್ಕೇನದೆ? ಅಷ್ಟೊತ್ಗೆ ನಾನು ಇತ್ಲು ಕಳೆ ಕೀಳ್ತಾ ಇದ್ನಲ್ಲ. ಬಚ್ಚಲ ಇಂದ್ಗಡೆ, ಯಾವ್ದೋ ಅಣ್ಣು ಉದ್ರಿ ಕೊಳ್ತು ಒಣಗಿದ್ದ ಜಾಗ್ದಲ್ಲಿ, ಪೈರ್ನಂಗೆ ಒತ್ತೊತ್ತಾಗಿ ಅದೇನೋ ಸಸಿ ಎದ್ದಿತ್ತು. ಅವ್ಳು ಅದ್ರ ಮೇಲೇ ಕಣ್ಣಾಕಿದ್ಲು."

ಮರಿಸಿದ್ದಯ್ಯ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ.

"ಏನ್ ಸಸಿ ಅಕ್ಕಾ?"

"ನಂಗೇನ್ ಗೊತ್ತು. ಕಿತ್ರೆ ಕೈಯೆಲ್ಲ ಒಂದ್ತರ ನಾತ. ಸೀಗೆಪುಡಿ ಆಕಿ ತೊಳುದ್ರೂ ಓಗ್ನಿಲ್ಲ, ನೋಡು ಬೇಕಾದ್ರೆ." ಅಕ್ಕ ಅವನ ಮೂಗಿನ ಹತ್ತಿರ ಕೈ ಚಾಚಿದಳು.

ಮರಿಸಿದ್ದಯ್ಯ ಆ ಕೈಯನ್ನು ಹಿಡಿದುಕೊಂಡೇ ಕುಕ್ಕರಿಸಿದ. ಆರು ತಿಂಗಳು ಅವನು ಹಿತ್ತಲ ಬಾಗಿಲು ದಾಟಿರಲಿಲ್ಲ. ಶಿವನಂಜಮ್ಮ ಅಲ್ಲೇ ಎದ್ದು ನಿಂತಿದ್ದಳು, ಇವನು ಊರೂರು ಅಲೆದು ಬಂದಿದ್ದ.

"ಒಂದಾದ್ರೂ ಬುಟ್ಟಿದ್ದೀಯಾ ಅಕ್ಕ?"

"ಒಂದೂ ಬುಡ್ನಿಲ್ಲ, ಬೇರ್ಸಮೇತ ಕಿತ್ತು ಇತ್ಲು ಕನ್ನಡಿಯಂಗೆ ಮಾಡಿವ್ನಿ. ನಿನ್ ತಮ್ಮ ಎಂಗೂ ಕೆರಗೋಡಿಂದ ತತ್ತಾನೆ ಬುಡಕ್ಕ ಅಂದ್ಲು ಮೀನಾಕ್ಸಮ್ಮ. ಏನ್ ತತ್ತಾನೋ ನಂಗರ್ತ ಆಗ್ನಿಲ್ಲ. ಸಸಿ ಕೊಟ್ಟು ಕೋಳಿ ಈಸ್ಕಂಡೆ. ಅವ್ಳ ಮನೇಲಿ ಮೇಕೆ ಅವೆಯಲ್ಲ, ಅದ್ಕೆ ಬಂದಿದ್ದ ಅವ್ಳ ತಮ್ಮನ್ ಕೈಲಿ ಅಷ್ಟ್ನೂ ಕಟ್ಟಿ ಕಳ್ಸಿದ್ಲು. ಸಂಜೆ ಬಸ್ಗೇ ಓದ."

"ಅವ್ಳ ತಮ್ಮನ್ ಊರು ಮಳವಳ್ಳಿ ಅಲ್ವಾ?"

"ಊಂ. ಮಳವಳ್ಳಿ."

ಮರಿಸಿದ್ದಯ್ಯ ಆಗ ಎಲ್ಲ ಹೇಳಿದ. ಬೆರಣಿ, ಬೀಜ, ಬದನೆ, ಬೆಲ್ಲ, ಎಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಇಬ್ಬರೂ ಒಟ್ಟಿಗೆ ಜಗಲಿಯ ಕಡೆ ತಿರುಗಿದರು. ಕೆಂಪು ಕೋಳಿ ಕರಟದ ಮುಂದೆ ನಿಂತಿತ್ತು. ದಿನವೆಲ್ಲ ಬೇರೆ ಮನೆಯ ಗೂಡಿನಲ್ಲಿ ಹಸಿದಿದ್ದ ಅದು ಸಸಿಯ ಕೊನೆಯ ಎಲೆಯನ್ನು ನುಂಗಿ, ಮಣ್ಣು ಕೆದರಿ, ಬೇರನ್ನೂ ಎಳೆದು ಹಾಕಿ, ಕೊಕ್ಕನ್ನು ಕರಟದ ಅಂಚಿಗೆ ಒರೆಸಿಕೊಳ್ಳುತ್ತಿತ್ತು.

ಅಕ್ಕ ಪೊರಕೆ ಎತ್ತಿದಳು. ಮರಿಸಿದ್ದಯ್ಯ ತಡೆದ.

"ಬುಡಕ್ಕ. ಅದೂ ಅವ್ಳದೇ."

ಅಕ್ಕ ಅಳುತ್ತಲೇ ಅಂದಳು. "ನಾನು ಪಾಪಿ ಕಣ್ಲಾ. ನಾಳೆ ಮೊದ್ಲ ಬಸ್ಗೇ ಮಳವಳ್ಳಿಗೆ ಓಗು. ಈ ಕೋಳಿನೇ ಬದ್ಲು ಕೊಟ್ಟು ಒಂದೇ ಒಂದು ಸಸಿ ಈಸ್ಕಂಡು ಬಾ."

ಮರಿಸಿದ್ದಯ್ಯ ಹಿತ್ತಲ ಬಾಗಿಲು ತೆಗೆದು ನೋಡಿದ. ನೆಲ ಕನ್ನಡಿಯಂತೆಯೇ ಇತ್ತು. ಬಚ್ಚಲ ಹಿಂದಿನ ಒದ್ದೆ ಮಣ್ಣಿನಿಂದ ಆ ಹಸಿರು ವಾಸನೆ ಇನ್ನೂ ಬರುತ್ತಿತ್ತು. ಗಂಟು ಕಟ್ಟಿ ಕಟ್ಟಿ ಇಲ್ಲಿಂದಲೇ ಹಿಂದಿರುಗುತ್ತಿದ್ದವಳು ಈ ಸಲ ಗಿಡಗಳನ್ನೂ ಕಟ್ಟಿಕೊಂಡು ಹೊರಟೇಬಿಟ್ಟಿದ್ದಳು.

"ಬ್ಯಾಡ ಕಣಕ್ಕ" ಎಂದ. "ಆಸಾಡ ಇದು. ಆವಾಗ ನಾಕು ದಿನಕ್ಕೇ ಓಗಿ ಕರ್ಕಂಬಂದ್ಬುಟ್ಟೆ. ಈ ಸಲನಾದ್ರೂ ತವರಲ್ಲಿ ವಸಿ ದಿನ ಇರ್ಲಿ ಬುಡು."

ಕೆಂಪು ಕೋಳಿ ಜಗಲಿಯಿಂದ ಇಳಿದು ಬಂದು, ಹೊಸಿಲ ಹತ್ತಿರ ತನ್ನ ಮಾಮೂಲಿ ಜಾಗದಲ್ಲಿ ಮುದುರಿಕೊಂಡು ಕೂತಿತು.