ಸೀರೆ ಪರದೆಯ ಹಿಂದಿನ ಡ್ರಿಲ್

ಹೆಣ್ಣುಮಕ್ಕಳಿಗೆ ಹಾರಲು, ಓಡಲು ಕಲಿಸಿ ಸಂಬಳ ತೆಗೆದುಕೊಳ್ಳುವ ಹೆಂಗಸಿನ ಕಣ್ಣೆದುರು ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ. ಏನೂ ನಡೆಯದ ವಾರ ನನಗೇ ಸಪ್ಪೆ ಎನಿಸುತ್ತಿತ್ತು. ಸ್ವಾತಂತ್ರ್ಯ ಬಂದ ಹೊಸದು, ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು. ನಾನು ಮದ್ರಾಸಿನಲ್ಲೇ ಡ್ರಿಲ್ ಕಲಿತು ಬಂದು ಬಳ್ಳಾರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರಾಗಿದ್ದೆ.

೧. ಪರದೆ

ಶಾಲೆ ಇದ್ದದ್ದು ಬ್ರೂಸ್‌ಪೇಟೆಯ ಅಂಗಡಿಗಳ ಹಿಂದೆ. ಅಂಗಳಕ್ಕೆ ಮೊಣಕಾಲುದ್ದದ ಗೋಡೆ. ದೊಡ್ಡ ಹುಡುಗಿಯರು ಬಯಲಲ್ಲಿ ಹಾರುವುದನ್ನು ಪೇಟೆಯವರೆಲ್ಲ ನೋಡಬೇಕೇ ಎಂದು ತಾಯಂದಿರು ತಕರಾರು ತೆಗೆದರು. ಹೆಡ್‌ಮಿಸ್ಟ್ರೆಸ್ಸು ಮನೆಮನೆಯಿಂದ ಹಳೇ ಸೀರೆ ತರಿಸಿ, ಹಗ್ಗಕ್ಕೆ ಕಟ್ಟಿಸಿ, ಸುತ್ತಲೂ ಪರದೆ ಮಾಡಿಸಿದರು.

ನಾನು “ಒಂದು, ಎರಡು” ಎಂದೆ. ಹುಡುಗಿಯರು ಹಾರಿದರು. ಅಲ್ಲಿಯವರೆಗೆ ತಮ್ಮ ಪಾಡಿಗೆ ತೂಗುತ್ತ ಕೂತಿದ್ದ ಅಂಗಡಿಯವರಿಗೆ ಸೀರೆಗಳ ಮೇಲೆ ಸಾಲಾಗಿ ಜಡೆತಲೆಗಳು ಎದ್ದು ಮುಳುಗುವುದು ಕಂಡಿತು. ತಕ್ಕಡಿ ಹಿಡಿದೇ ನಿಂತುಬಿಟ್ಟರು. ಸಂಜೆ ಒಬ್ಬ ಹಿರಿಯ ಅಂಗಡಿಕಾರರು ಬಂದು ಕೈ ಮುಗಿದರು.

“ಅಕ್ಕೋರ, ಪರದಿ ಬಿಚ್ಚಿಸಿಬಿಡ್ರಿ. ಮೊದಲ ಈ ಕಡಿ ಯಾರೂ ನೋಡ್ತಿದ್ದಿಲ್ಲ. ಈಗ ಯಾಪಾರ ನಿಂತೈತಿ.”

೨. ಸುಣ್ಣ

ಸೀರೆಯ ಮೇಲೆ ಒಂದು ತಲೆ ಮಾತ್ರ ಏಳುತ್ತಿರಲಿಲ್ಲ. ಅವಳು ಕುರುಗೋಡಿನ ಹುಡುಗಿ. ಓದಿಗಾಗಿ ಬ್ರೂಸ್‌ಪೇಟೆಯಲ್ಲಿ ಅಜ್ಜಿಯ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಎತ್ತರವೇನೋ ಇದ್ದಳು, ಕಾಲು ಮಾತ್ರ ಕಡ್ಡಿ. ಸ್ವಲ್ಪ ಹಾರಿದರೆ ಮೊಣಕಾಲು ಹಿಡಿದು ಕೂತುಬಿಡುತ್ತಿದ್ದಳು.

ಶಾಲೆಗೆ ತಪಾಸಣೆಗೆ ಬರುತ್ತಿದ್ದ ಲೇಡಿ ಡಾಕ್ಟರು ಅವಳನ್ನು ನೋಡಿ, ಎಲುಬು ಗಟ್ಟಿಯಾಗುವ ವಯಸ್ಸೇ ಇದು, ಈಗ ತುಂಬಿಕೊಂಡದ್ದೇ ಮುಪ್ಪಿನವರೆಗೆ ಆಸರೆ ಎಂದರು. ಎಲುಬಿಗೆ ಸುಣ್ಣದ ಅಂಶ ಬೇಕು. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಕೊಡಿ, ಬಿಸಿಲಲ್ಲಿ ಚೆನ್ನಾಗಿ ಹಾರಿಸಿ ಎಂದೂ ಹೇಳಿದರು. ನಾನು ಹುಡುಗಿಯರತ್ತ ನೋಡಿದೆ. ಒಬ್ಬಳು ಇನ್ನೊಬ್ಬಳ ಜಡೆ ಎಳೆದು ನಗುತ್ತಿದ್ದಳು. ಈ ಕಿಲಕಿಲದ ಒಳಗೆ, ಅವರಿಗೇ ತಿಳಿಯದ ಹಾಗೆ, ಒಂದು ಜನ್ಮಕ್ಕಾಗುವಷ್ಟು ಕಟ್ಟಡ ಏಳುತ್ತಿದೆಯಲ್ಲ ಎಂದು ಬೆರಗಾದೆ. ಆಮೇಲೆ ನನಗೆ ಡ್ರಿಲ್ ಬರೀ ಡ್ರಿಲ್ ಆಗಿ ಉಳಿಯಲಿಲ್ಲ.

ಡಾಕ್ಟರು ಹೇಳಿದ್ದನ್ನೆಲ್ಲ ಅಜ್ಜಿಗೆ ಬಿಡಿಸಿ ಹೇಳಿದೆ. ನಮ್ಮ ಕಡೆ ಕಾಲು ಉಳುಕಿದರೆ ಸುಣ್ಣ ಬೆಲ್ಲ ಕಲಸಿ ಹಚ್ಚುವ ರೂಢಿ. ಅಜ್ಜಿ ಹಾಲು, ಎಳ್ಳುಂಡೆ ಎಲ್ಲಕ್ಕೂ ತಲೆಯಾಡಿಸಿದಳು. ಮರುದಿನ ಹುಡುಗಿ ಬಂದಾಗ ಎರಡೂ ಕಾಲು ಪಾದದಿಂದ ಮೊಣಕಾಲಿನವರೆಗೆ ಬೆಳ್ಳಗೆ, ರಸ್ತೆ ಬದಿಯ ಮರದ ಬುಡದ ಹಾಗೆ ಇದ್ದವು. ಸುಣ್ಣ ಒಣಗಿ ಮಂಡಿ ಬಾಗುತ್ತಿರಲಿಲ್ಲ. ಇದೇನು ಎಂದು ಜೊತೆಗೆ ಬಂದಿದ್ದ ಅಜ್ಜಿಯನ್ನು ಕೇಳಿದೆ.

“ಒಳಗ ಇಳಿಯಾಕ ಹೊತ್ತು ಹಿಡೀತೈತಿ, ಅಕ್ಕೋರ. ಸಂಜಿಕ ಇನ್ನೊಂದ ಸಲ ಬಳೀತೀನಿ. ಗ್ವಾಡಿಗೂ ಎರಡ ಸಲ ಬಳೀಬೇಕಲ್ಲ?”

ಕಾಲು ತೊಳೆಸಿದೆ. ಹಾಲು, ಎಳ್ಳು ಮಾತ್ರ ತಪ್ಪಲಿಲ್ಲ. ವರ್ಷ ತುಂಬುವುದರೊಳಗೆ ಸೀರೆಯ ಮೇಲೆ ಎಲ್ಲಕ್ಕಿಂತ ಎತ್ತರ ಏಳುವ ತಲೆ ಅವಳದೇ ಆಯಿತು. ಅದೆಲ್ಲ ಅವತ್ತು ಬಳಿದ ಸುಣ್ಣದ ಮಹಿಮೆ ಎಂದು ಅಜ್ಜಿ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

೩. ಸಿರುಗುಪ್ಪದವರು

ಅಷ್ಟರಲ್ಲಿ ಆ ಹುಡುಗಿಗೆ ಸಿರುಗುಪ್ಪದಿಂದ ಒಂದು ಸಂಬಂಧ ಬಂತು. ವರ ಬ್ರೂಸ್‌ಪೇಟೆಯಲ್ಲೇ ಭತ್ತದ ಮಂಡಿಯಲ್ಲಿ ಗುಮಾಸ್ತ. ಒಪ್ಪಿಗೆಯಾದರೆ ಆ ಬೇಸಿಗೆಗೇ ಮದುವೆ, ಶಾಲೆ ಅಲ್ಲಿಗೇ ಮುಗಿಯಿತು. ಹುಡುಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೊಂದೇ ವರ್ಷ. ಬರೆದೇ ತೀರುತ್ತೇನೆ ಎಂದು ಅತ್ತಳು. ಅಜ್ಜಿಯ ಚಿಂತೆ ಬೇರೆ: ಡ್ರಿಲ್ ಮಾಡಿದವಳ ಎಲುಬು ಗಂಡಸಿನ ಎಲುಬಾಗುತ್ತದೆ, ನೋಡಲು ಬಂದವರು ಬೇಡವೆಂದರೆ ಗತಿಯೇನು? ಹಾಗೇನಾದರೂ ಅಂದರೆ ನೀವೇ ಉತ್ತರ ಹೇಳಿ ಎಂದು, ಹೆಣ್ಣು ನೋಡುವ ದಿನ, ನನ್ನನ್ನೂ ಕುರುಗೋಡಿನ ಅವರ ಮನೆಗೆ ಎಳೆದುಕೊಂಡು ಹೋದಳು.

ವರನ ತಾಯಿ ಭಾರೀ ಆಳು. ಮಂಡಿನೋವು ಬೇರೆ. ಚಾಪೆಯ ಮೇಲೆ ಕೂತು, ಪದ್ಧತಿಯಂತೆ, ಸ್ವಲ್ಪ ನಡೆದು ತೋರಿಸಲು ಹೇಳಿದರು. ಹುಡುಗಿ ಗಾಬರಿಯಲ್ಲಿ ನನ್ನ ಮುಖ ನೋಡಿದಳು. ಅಷ್ಟೇ. ಎದೆ ಸೆಟೆಸಿ, ಕೈ ಬೀಸಿ, ಲೆಫ್ಟ್ ರೈಟ್ ನಡೆದು, ಗೋಡೆಯ ಹತ್ತಿರ ಗರ್ರನೆ ತಿರುಗಿ ಬಂದು, ಅವರ ಮುಂದೆ ಹಿಮ್ಮಡಿ ಕುಟ್ಟಿ ನಿಂತಳು. ಗೋಡೆಯ ನಾಗಂದಿಗೆಯ ಮೇಲಿನ ಚರಿಗೆ ಗಲ್ಲೆಂದಿತು. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ವರನ ತಾಯಿ ಏಳಲು ಹೋದರು. ಮಂಡಿ ಹಿಡಿದುಕೊಂಡಿತು. ಮಗ ರಟ್ಟೆ ಹಿಡಿದು ಎಳೆದ. ಅವನೇ ಹೋಗಿ ತಾಯಿಯ ಮೇಲೆ ಬಿದ್ದ. ಆಗ ಹುಡುಗಿ ಮುಂದೆ ಬಂದಳು. ನಾನು ಕಲಿಸಿದ ಹಾಗೆಯೇ ಬೆನ್ನು ನೇರ ಇಟ್ಟು, ಮಂಡಿ ಬಗ್ಗಿಸಿ, ಅವರನ್ನು ಕಂಕುಳಡಿ ಹಿಡಿದು ಒಂದೇ ಉಸಿರಿಗೆ ಎತ್ತಿ ನಿಲ್ಲಿಸಿದಳು.

ಹಾರಲಾರದೆ ಕೂತುಬಿಡುತ್ತಿದ್ದ ಕಾಲುಗಳು ಇವೇನಾ ಎಂದು ನನ್ನ ಕಣ್ಣು ತುಂಬಿ ಬಂತು.

ವರನ ತಾಯಿ ಸೆರಗು ಸರಿಮಾಡಿಕೊಂಡರು. “ಹುಡುಗಿ ನಮಗ ಒಪ್ಪಿಗಿ ಐತಿ. ಮದಿವಿ ಮಾತ್ರ ಈಗ ಬ್ಯಾಡ. ಆಕಿ ಪರೀಕ್ಷಿ ಮುಗೀಲಿ.”

ಹುಡುಗಿಯಲ್ಲಿ ಏನು ಕೊರತೆ ಕಂಡಿರಿ ಎಂದು ಅಜ್ಜಿ ಕೇಳಿದಳು.

“ಕೊರತಿ ಆಕಿದಲ್ಲ, ನನ್ನ ಮಗಂದು. ಅಷ್ಟರಾಗ ಇವನೂ ಒಂದೀಟು ಗಟ್ಟಿ ಆಗಲಿ.”

ಸೋಮವಾರ ಮತ್ತೆ ಡ್ರಿಲ್. “ಒಂದು, ಎರಡು” ಎಂದೆ. ಸೀರೆಯ ಮೇಲೆ ಜಡೆತಲೆಗಳು ಎದ್ದವು, ಎಲ್ಲಕ್ಕೂ ಮೇಲೆ ನಮ್ಮ ಹುಡುಗಿ. ಅವುಗಳ ಜೊತೆಗೆ, ಪರದೆಯ ಆಚೆಯಿಂದ, ಒಂದು ರುಮಾಲೂ ಎದ್ದಿತು. ಪರದೆಯನ್ನು ಬಳಸಿಕೊಂಡು ಹೊರಗೆ ಹೋಗಿ ನೋಡಿದೆ. ಸಿರುಗುಪ್ಪದ ವರ! ಧೋತರ ಎತ್ತಿ ಕಟ್ಟಿ, ಪರದೆಗೆ ಬೆನ್ನು ಮಾಡಿ, ಬೆವರು ಸುರಿಸುತ್ತ ಹಾರುತ್ತಿದ್ದಾನೆ. ಎರಡೂ ಕಾಲು ಪಾದದಿಂದ ಮೊಣಕಾಲಿನವರೆಗೆ ಬೆಳ್ಳಗಿವೆ.

“ನೋಡಾಕ ಬಂದಿಲ್ರಿ ಅಕ್ಕೋರ, ಬೆನ್ನು ಮಾಡೇ ನಿಂತೀನಿ,” ಎಂದ ಏದುಸಿರಲ್ಲಿ. “ಅಜ್ಜಿ ಎರಡ ಸಲ ಬಳದು ಕಳಿಸ್ಯಾರ. ನೀವು ಎಣಸೂದು ಮಾತ್ರ ನಿಲ್ಲಸಬ್ಯಾಡ್ರಿ.”