ಲೀಕು ಹುಡುಕುವ ಅಳಿಯ

ಅಳಿಯನ ಉದ್ಯೋಗ ಅತ್ತೆಗೆ ಅರ್ಥವಾಗದಿದ್ದರೆ ತೊಂದರೆಯಿಲ್ಲ. ಅರ್ಧ ಅರ್ಥವಾದರೆ ಕಷ್ಟ. ಡಾಟ್‌ಕಾಮಿನ ಭರಾಟೆಯ ಕಾಲದಲ್ಲಿ ಸಾಂಟಾ ಕ್ಲಾರಾದ ಒಂದು ಕಂಪನಿಯಲ್ಲಿ ನನ್ನದು ಮೆಮೊರಿ ಲೀಕು ಹುಡುಕುವ ಕೆಲಸ. ಪ್ರೋಗ್ರಾಮು ಕಂಪ್ಯೂಟರಿನ ಮೆಮೊರಿ ತೆಗೆದುಕೊಂಡು ವಾಪಸು ಕೊಡದೆ ನುಂಗುತ್ತಾ ಹೋಗುತ್ತದಲ್ಲ, ಅದಕ್ಕೆ ಹಾಗನ್ನುತ್ತಾರೆ. ಇಷ್ಟನ್ನೂ ಮೈಸೂರಿನ ತಾಯಿಗೆ ಫೋನಿನಲ್ಲಿ ವಿವರಿಸುವಷ್ಟು ನಿಮಿಷ ನನ್ನ ಹೆಂಡತಿ ವೀಣಾಳ ಕಾಲಿಂಗ್ ಕಾರ್ಡಿನಲ್ಲಿ ಉಳಿದಿರಲಿಲ್ಲ. "ಲೀಕು ಹುಡುಕಿ ಸರಿಮಾಡ್ತಾರಮ್ಮ" ಎಂದು ಮುಗಿಸಿಬಿಟ್ಟಳು.

ಅತ್ತೆ ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದಾಗಲೇ ಟಾಯ್ಲೆಟ್ಟು ಸೋರಬೇಕೆ! ಯಾರೂ ಮುಟ್ಟದಿದ್ದರೂ ಆಗಾಗ ಸುಯ್ ಎಂದು ಟ್ಯಾಂಕು ತಾನೇ ನೀರು ತುಂಬಿಕೊಳ್ಳುತ್ತಿತ್ತು. ಮ್ಯಾನೇಜರಿಗೆ ಒಂದು ಫೋನು ಮಾಡಿದ್ದರೆ ಅವರೇ ಬಂದು ರಿಪೇರಿ ಮಾಡುತ್ತಿದ್ದರು. ಫೋನೆತ್ತಿಕೊಂಡೆ. ಅಷ್ಟರಲ್ಲಿ ಅತ್ತೆ ಮಗಳನ್ನು ಅಡುಗೆಮನೆಗೆ ಕರೆದು, ಕಸುಬುದಾರ ಅಳಿಯಂದಿರು ಮನೆಯಲ್ಲೇ ಇರುವಾಗ ಹೊರಗಿನವರು ಯಾಕೆ, ಇವರಿಗೆ ನಿಜವಾಗಿ ಕೆಲಸ ಬರುತ್ತದೋ ಇಲ್ಲವೋ ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಫೋನು ಕೆಳಗಿಟ್ಟೆ. ಇದು ಮಾನದ ಪ್ರಶ್ನೆಯಾಯಿತು.

ಹಾರ್ಡ್‌ವೇರ್ ಅಂಗಡಿಯವನು ಟ್ಯಾಂಕಿಗೆ ಅಡುಗೆಯ ಬಣ್ಣ ಹಾಕಿ, ಫ್ಲಶ್ ಮಾಡದೆ ಕಾಯಲು ಹೇಳಿದ. ಬಣ್ಣ ಕಮೋಡಿಗೆ ಇಳಿದರೆ ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಸವೆದಿದೆ ಎಂದರ್ಥವಂತೆ. ನಮ್ಮ ಮನೆಯಲ್ಲಿದ್ದ ಬಣ್ಣ ಒಂದೇ, ಅತ್ತೆ ಕೇಸರಿಬಾತಿಗೆಂದು ಮೈಸೂರಿನಿಂದ ಹೊತ್ತು ತಂದ ಡಬ್ಬಿ. ಕೇಳಿದರೆ ಕೊಡುವುದಿಲ್ಲವೆಂದು ಕೇಳದೆ ಒಯ್ದೆ. ಚಿಟಿಕೆ ಸಾಕಿತ್ತು, ನನ್ನ ಕೈಗೆ ಅಳತೆ ಎಲ್ಲಿಯದು! ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಕಮೋಡಿನ ನೀರೆಲ್ಲ ಗಾಢ ಹಳದಿ. ಅದನ್ನು ಮೊದಲು ನೋಡಿದವರು ಅತ್ತೆ. ತಮಗಿಂತ ಮೊದಲು ಒಳಗೆ ಹೋಗಿದ್ದವರು ಅಳಿಯಂದಿರು ಎಂಬುದೂ ಅವರಿಗೆ ನೆನಪಿತ್ತು. ರಾತ್ರಿ ಎಲ್ಲರಿಗೂ ಬಿಸಿಬೇಳೆಬಾತು ಬಡಿಸಿ, ನನಗೆ ಮಾತ್ರ ಮಜ್ಜಿಗೆ ಅನ್ನ ಹಾಕಿದರು. ಕಾಮಾಲೆಯಂತೆ, ಎಣ್ಣೆ ಮುಟ್ಟಬಾರದಂತೆ!

ಮಾರನೆಯ ದಿನ ಹೊಸ ಮುಚ್ಚಳ ಸಿಕ್ಕಿಸಿದೆ, ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಕಿವಿಗೊಟ್ಟು ಖಾತ್ರಿ ಮಾಡಿಕೊಂಡರು. ಬಣ್ಣದ ವಿಷಯ ಬಾಯಿಬಿಟ್ಟ ಮೇಲೆ ಕಾಮಾಲೆಯೇನೋ ವಾಸಿಯಾಯಿತು. ಡಬ್ಬಿಯನ್ನು ಮಾತ್ರ ಅವರು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಅವರಿದ್ದಷ್ಟು ದಿನವೂ ಬಿಳಿ ಕೇಸರಿಬಾತನ್ನೇ ತಿಂದೆವು.

ಅವರು ಊರಿಗೆ ಮರಳಿದ ಮೇಲೆ ಡಾಟ್‌ಕಾಮುಗಳು ಒಂದರ ಹಿಂದೊಂದು ಮುಳುಗಿದವು. ನಮ್ಮದೂ ಮುಳುಗಿತು. ನನಗೆ ನಿಜಕ್ಕೂ ದಿಗಿಲಾಗಿತ್ತು. ವೀಣಾ ಅಳುತ್ತಾ ಸುದ್ದಿ ಹೇಳಿದಾಗ, ಅತ್ತೆ ಫೋನನ್ನು ನನ್ನ ಕೈಗೆ ಕೊಡಿಸಿದರು.

"ಕಂಪನಿ ಹೋದ್ರೆ ಹೋಗ್ಲಿ ಬಿಡಿ. ನಿಮ್ಮ ಕೈಯಲ್ಲಿ ಕಸುಬಿದೆ. ಟಾಯ್ಲೆಟ್ ಇಲ್ಲದ ಮನೆ ಆ ದೇಶದಲ್ಲಿ ಯಾವುದಿದೆ?"

ಹೂಂ ಅಂದೆ. ಆ ದಿನಗಳಲ್ಲಿ ನನ್ನ ವಿದ್ಯೆಯ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದವರು ಅವರೊಬ್ಬರೇ. ಮೆಮೊರಿ ಲೀಕು ಎಂದರೇನೆಂದು ವಿವರಿಸಿ ಅದನ್ನೂ ಕಳೆದುಕೊಳ್ಳುವಷ್ಟು ದಡ್ಡ ನಾನಲ್ಲ.