ಜೋಡಿಸುಳಿಯ ಹೋರಿ

ಒಂದು ಫೋಟೋ ನೋಡಿ ಸಂಜೀವ ಸುಮ್ಮನಿದ್ದದ್ದೇ ಆ ಶುಕ್ರವಾರದ ರಗಳೆಗೆಲ್ಲ ಮೂಲವಾಯಿತು.

ಸುಮ್ಮನಿರುವುದು ಅವನಿಗೆ ಹೊಸದಲ್ಲ. ಕೊಲ್ಲಿ ನಾಡಿನ ರಾಸ್ ಲಫಾನಿನ ಅನಿಲ ಸ್ಥಾವರದಲ್ಲಿ ಯಂತ್ರಗಳ ಮೊರೆತದ ನಡುವೆ ಪಾಳಿ ಮುಗಿಸಿ ಬಂದವನಿಗೆ ಮಾತು ಇನ್ನೊಂದು ಯಂತ್ರದಂತೆಯೇ ಕೇಳಿಸುತ್ತಿತ್ತು. ಅವನ ಮೌನದೊಳಗೆ ಅಂಥ ವಿಶೇಷವೇನೂ ಇರುತ್ತಿರಲಿಲ್ಲ. ಹೆಚ್ಚೆಂದರೆ ಮಧ್ಯಾಹ್ನದ ಊಟದ ಯೋಚನೆ. ಆದರೆ ಖಾಲಿ ಕೊಡ ಕಂಡವರೆಲ್ಲ ತಂತಮ್ಮ ಬಾವಿಯ ನೀರು ಹೊಯ್ಯುವ ಹಾಗೆ, ಕಂಡವರು ಅದಕ್ಕೆ ತಮಗೆ ಬೇಕಾದ ಅರ್ಥ ತುಂಬಿಕೊಳ್ಳುತ್ತಿದ್ದರು.

ಆ ಬೆಳಿಗ್ಗೆ ಮನೆಯೊಡತಿ ಜುಮಾನಾ ಅಂಗಳಕ್ಕೆ ಬಂದಳು. ಮದೀನತ್ ಖಲೀಫಾ ಬಡಾವಣೆಯ ಆ ವಿಲ್ಲಾದ ಮುಂಭಾಗದಲ್ಲಿ ಅವಳಿದ್ದಳು. ಹಿಂಭಾಗಕ್ಕೆ ಗೋಡೆ ಎಬ್ಬಿಸಿ ಮಾಡಿದ ಎರಡು ಮನೆಗಳಲ್ಲಿ ಒಂದು ಸಂಜೀವನದು, ಇನ್ನೊಂದು ಉಡುಪಿ ಕಡೆಯ ಪೂವಕ್ಕನದು. ಅಲ್ ಖೋರ್ ಪಟ್ಟಣ ದಾಟಿದ ಮೇಲೆ ಜುಮಾನಾಳದೊಂದು ತೋಟವಿತ್ತು. ಹಾಲಿನ ಫಾರ್ಮುಗಳಿಗೆ ಬೇಡವಾದ ಮಿಶ್ರತಳಿಯ ಗಂಡುಕರುಗಳನ್ನು ಎಳೆಯದರಲ್ಲೇ ತಂದು, ಬಾಟಲಿ ಹಾಲಿನಲ್ಲಿ ಸಾಕಿ, ಕಡೆಯ ಕೆಲವು ತಿಂಗಳು ಜವೆ, ಮೆಕ್ಕೆಜೋಳ ತಿನ್ನಿಸಿ ಮೈ ತುಂಬಿಸಿ, ಮನೆಯಲ್ಲೇ ಬೆಳೆಸಿದ ಮಾಂಸವೆಂದು ಬಂಧುಬಳಗಕ್ಕೆ ಅರ್ಧ, ಕಾಲು ಪಾಲು ಲೆಕ್ಕದಲ್ಲಿ ಮಾರುತ್ತಿದ್ದಳು. ಕೇಳುವವರು ಹೆಚ್ಚಿದ್ದರು. ಫ್ರೀಜರುಗಳನ್ನಿಡಲು ಜಾಗ ಬೇಕಾಗಿತ್ತು. ಸಂಜೀವನ ಮನೆಯೇ ಅದಕ್ಕೆ ತಕ್ಕುದೆಂದೂ ತಿಂಗಳ ಕೊನೆಗೆ ಬಿಟ್ಟುಕೊಡಬೇಕೆಂದೂ ಅವಳು ಇಂಗ್ಲಿಷು, ಹಿಂದಿ ಬೆರೆಸಿ ಹೇಳಿದಳು. ಹೇಳಿದ ಮೇಲೆ ಅವಳಿಗೇ ಕಸಿವಿಸಿಯಾಗಿರಬೇಕು. ಮಾತು ತಿರುಗಿಸಲು, ತನ್ನ ಅತಿ ಚೆಂದದ ಹೋರಿ ಇದು ಎಂದು ಫೋನು ಮುಂದೆ ಹಿಡಿದಳು.

ಕಪ್ಪು ಬಿಳುಪಿನ ದೊಡ್ಡ ಹೋರಿ. ಅದರ ಹಣೆಯ ಮೇಲೆ ಅಕ್ಕಪಕ್ಕ ಎರಡು ಸುಳಿ.

ಸಂಜೀವನಿಗೆ ಅಜ್ಜ ನೆನಪಾದ. ಊರ ಕಡೆ, ಇಂಡಿ ಪಟ್ಟಣದ ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಅಜ್ಜನನ್ನು ಕರೆದು ಸುಳಿ ತೋರಿಸುತ್ತಿದ್ದರು. ಹಣೆಯ ನಡುವೆ ಒಂದೇ ಸುಳಿಯಿದ್ದರೆ ಮನೆ ಏಳುತ್ತದೆ, ಎರಡಿದ್ದರೆ ಮನೆ ಒಡೆಯುತ್ತದೆ. ಅಜ್ಜನ ಹೆಗಲ ಮೇಲೆ ಕೂತು ಕೇಳಿದ್ದ ಸಂಜೀವನಿಗೆ ಗೊತ್ತಿದ್ದದ್ದು ಅಷ್ಟೇ. ಅವನು ಫೋಟೋ ನೋಡುತ್ತ ನಿಂತುಬಿಟ್ಟ.

ಬಟ್ಟೆ ಒಣಹಾಕುತ್ತಿದ್ದ ಪೂವಕ್ಕನಿಗೆ ತಡೆಯಲಾಗಲಿಲ್ಲ. "ಅವರು ಸುಮ್ಮನೆ ಸುಮ್ಮನಿರುವ ಜನ ಅಲ್ಲ ಮೇಡಂ," ಎಂದು ತನ್ನ ಹಿಂದಿಯಲ್ಲಿ ಶುರುಮಾಡಿದಳು. ಅವರದು ದನದ ಲಕ್ಷಣ ಹೇಳುವ ಮನೆತನ, ಆ ಹಣೆಯಲ್ಲಿ ಅವರಿಗೇನೋ ಕಂಡಿದೆ ಎಂದಳು. ಮನೆ ಉಳಿಸಿಕೊಡುವ ಒಳ್ಳೆಯ ಮನಸ್ಸಿನಿಂದಲೇ ಎಂದಳು. ಪೂವಕ್ಕನಿಂದಾದ ಅನಾಹುತಗಳೆಲ್ಲ ಆಗಿದ್ದು ಅದೇ ಮನಸ್ಸಿನಿಂದ.

ಜುಮಾನಾಳ ಮುಖ ಬದಲಾಯಿತು. ಅವಳ ಅಜ್ಜ ಕುದುರೆ ಕೊಳ್ಳುವಾಗ ಮೈಮೇಲಿನ ಸುಳಿ ನೋಡದೆ ಹಗ್ಗ ಮುಟ್ಟುತ್ತಿರಲಿಲ್ಲವಂತೆ. ದನಕ್ಕೂ ಆ ವಿದ್ಯೆಯಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಇವತ್ತೇ ತೋಟಕ್ಕೆ ಗಿರಾಕಿಗಳು ಬರುವವರಿದ್ದಾರೆ, ಡ್ರೈವರ್ ಊರಿಗೆ ಹೋಗಿದ್ದಾನೆ, ಸಂಜೀವನೇ ಗಾಡಿ ಓಡಿಸಲಿ, ಎಲ್ಲ ಹೋರಿಗಳನ್ನೂ ನೋಡಲಿ. ಯಲ್ಲಾ, ಹೊರಡೋಣ.

ಚಪ್ಪಲಿ ಮೆಟ್ಟಲು ಒಳಗೆ ಹೋದಾಗ ಹೆಂಡತಿ ರಾಜೇಶ್ವರಿ ಬಾಗಿಲಿಗೆ ಅಡ್ಡ ನಿಂತಳು. "ಏನರ ಮಾತಾಡಿ ಮನಿ ಉಳಿಸ್ಕೊಂಡು ಬರ್ರಿ. ಮಗಳು ಸೌಂದರ್ಯಾನ ಸಾಲಿ ಇಲ್ಲೇ ಐತಿ. ಅಲ್ಲಿ ಹೋಗಿ ಕಂಬದಂಗ ನಿಂತೀರಂದ್ರ ನಾ ಕೇಳಾಂಗಿಲ್ಲ ನೋಡ್ರಿ."

ತೋಟದ ಉಸ್ತುವಾರಿ ಉಪ್ಪಿನಂಗಡಿಯ ಸಲಾಮನದು. ಕನ್ನಡದವರೆಂದು ತಿಳಿದದ್ದೇ ಅವನು ಸಂಜೀವನ ಕೈ ಹಿಡಿದು ಎಳೆದೊಯ್ದ. ತಗಡಿನ ನೆರಳಿನಲ್ಲಿ, ದೊಡ್ಡ ಫ್ಯಾನುಗಳ ಗಾಳಿಗೆ ಮುಖ ಕೊಟ್ಟು, ಹೋರಿಗಳು ಸರ್ಕಾರಿ ಕಚೇರಿಯ ಹಿರಿಯ ಗುಮಾಸ್ತರಂತೆ ನಿರಾಳವಾಗಿ ಮೆಲುಕು ಹಾಕುತ್ತಿದ್ದವು. ಫೋಟೋದ ಹೋರಿ ಎಲ್ಲಕ್ಕಿಂತ ಮುಂದೆ ನಿಂತಿತ್ತು. ಸಲಾಂ ಅದರ ಬಾಲದ ಬುಡವನ್ನು ಒತ್ತಿ ತೋರಿಸಿದ. "ಕೈ ಇಟ್ಟು ನೋಡಿ ಸಾರ್, ದಿಂಬಿನ ಹಾಗೆ ಉಂಟು. ಹಾಲಿನ ಜಾತಿ ಇದು, ಮೊದಲು ಎಲುಬೇ ಬೆಳೆಯುವುದು, ಮಾಂಸ ಮತ್ತೆ. ಈಗ ತಯಾರಾಗಿದೆ. ಇನ್ನು ಇಟ್ಟುಕೊಂಡರೆ ತಿಂದದ್ದೆಲ್ಲ ಬರೀ ಕೊಬ್ಬು."

ಹೋರಿ ಮೂತಿ ಚಾಚಿ ಸಂಜೀವನ ಅಂಗೈ ನೆಕ್ಕಿತು. ಮಾಂಸ ಮುಟ್ಟದ ಮನೆಯವನು ಅವನು. ಆದರೆ ಈ ಒರಟು ನಾಲಿಗೆ ಅವನಿಗೆ ಚಿಕ್ಕಂದಿನಿಂದ ಪರಿಚಯ. ಅಜ್ಜ ಸುಳಿ ನೋಡುತ್ತಿದ್ದದ್ದು ಹತ್ತಾರು ವರ್ಷ ಮನೆಮುಂದೆ ಕಟ್ಟುವ ಎತ್ತಿಗೆ. ಮುಂದಿನ ವಾರ ಇಲ್ಲವಾಗುವ ಪ್ರಾಣಿ ಯಾರಿಗೆ ಏನು ಕೇಡು ತಂದೀತು ಎಂದು ಅವನು ಯೋಚಿಸಿದ. ದನದ ಸುಳಿ ಮನೆಗೆ ಹೇಗೆಂದು ಸಂತೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ಮನೆ ದನಕ್ಕೆ ಹೇಗೆಂದು ಕೇಳಿದವರನ್ನು ಅವನು ಕಂಡಿರಲಿಲ್ಲ. ಇಷ್ಟು ಯೋಚಿಸುವಷ್ಟು ಹೊತ್ತು ಅವನು ಸುಮ್ಮನೆ ನಿಂತಿದ್ದ. ಜುಮಾನಾ ಅಷ್ಟೂ ಹೊತ್ತು ಅವನ ಮುಖವನ್ನೇ ನೋಡುತ್ತಿದ್ದಳು. ಕೆಟ್ಟದ್ದಿದ್ದರೂ ಹೇಳು ಎಂದಳು.

ಸಂಜೀವನಿಗೆ ರಾಜೇಶ್ವರಿಯ ಕಂಬ ನೆನಪಾಯಿತು. ಬಾಯಿ ಬಿಟ್ಟ. ಸುಳ್ಳು ಹೇಳುವ ಅಭ್ಯಾಸವಿಲ್ಲದ್ದರಿಂದ ನಿಜವೇ ಬಂತು. ಜೋಡಿಸುಳಿ, ಇಟ್ಟುಕೊಂಡ ಮನೆ ಒಡೆಯುತ್ತದೆ.

ಜುಮಾನಾ ಅಲ್ಲೇ ಇದ್ದ ಹುಲ್ಲಿನ ಪಿಂಡಿಯ ಮೇಲೆ ಕುಸಿದಳು. ಒಬ್ಬನೇ ಅಣ್ಣ, ಮಾತು ಬಿಟ್ಟು ಬೇರೆಯಾಗಿದ್ದ. ಯಾಕೆಂದು ಇಷ್ಟು ದಿನ ತಿಳಿದಿರಲಿಲ್ಲ, ಈಗ ತಿಳಿಯಿತು ಎಂದಳು. ಸಂಜೀವ ಗಾಬರಿಯಾಗಿ ಸಮಾಧಾನ ಹೇಳಿದ. ಕೇಡು ಅದನ್ನು ಮನೆಯಲ್ಲಿ ಕಟ್ಟಿಕೊಂಡವರಿಗೆ ಮಾತ್ರ, ಬೇಗ ಕಳಿಸಿಬಿಟ್ಟರೆ ಏನೂ ಇಲ್ಲ. ಅವಳಿಗೆ ಜೀವ ಬಂತು. ಹಾಗಾದರೆ ಪಕ್ಕದ್ದು? ಅದರದು ಒಂಟಿಸುಳಿ, ಹಣೆಯ ನಟ್ಟನಡುವೆ. ಇದ್ದಷ್ಟೂ ಮನೆಗೆ ಒಳ್ಳೆಯದು ಎಂದ. ಹಾಗಾದರೆ ಅದನ್ನು ಮಾರುವುದೇ ಇಲ್ಲ ಎಂದಳು ಜುಮಾನಾ.

ಸಲಾಂ ತಲೆಗೆ ಕೈಹೊತ್ತ. "ಸಾರ್, ಅದೂ ತಯಾರಾದದ್ದೇ. ಇನ್ನು ಅದು ಗೋಣಿಗಟ್ಟಲೆ ಜವೆ ತಿಂದು ಇಲ್ಲೇ ಮುದಿಯಾಗುವುದಾ? ನೀವು ಒಮ್ಮೆ ಬಾಯಿ ಮುಚ್ಚಬಹುದಾ?" ಬದುಕಿನಲ್ಲಿ ಮೊದಲ ಸಲ ಸಂಜೀವನಿಗೆ ಯಾರೋ ಆ ಮಾತು ಹೇಳಿದ್ದರು.

ಅಷ್ಟರಲ್ಲಿ ಗಿರಾಕಿ ಬಂದಳು. ಜುಮಾನಾಳ ಚಿಕ್ಕಮ್ಮ ಸೌದಾ. ಮಗನ ಮದುವೆಯ ಔತಣಕ್ಕೆ ಇಡೀ ಹೋರಿ ಬೇಕಾಗಿತ್ತು. ಜುಮಾನಾ ಜೋಡಿಸುಳಿಯನ್ನು ತೋರಿಸಿದಳು. ಅದು ಸೌದಾಳಿಗೂ ಮೆಚ್ಚುಗೆಯಾಯಿತು, ಎರಡೂ ಹೋರಿಗಳ ಹಣೆಯನ್ನು ಹೋಲಿಸಿ ನೋಡುವವರೆಗೆ. ಅವಳೂ ಅದೇ ಕುದುರೆ ಅಜ್ಜನ ಮನೆಯವಳು. ಮದುವೆ ಮನೆಗೆ ಇದನ್ನು ಕಳಿಸುತ್ತೀಯಾ, ನನಗೆ ಆ ಒಂಟಿಸುಳಿಯೇ ಬೇಕು ಎಂದು ಹಟ ಹಿಡಿದಳು. ಜುಮಾನಾ ಕೊಡಲೊಲ್ಲಳು. ಅರಬ್ಬಿ ಮಾತು ಫ್ಯಾನುಗಳ ಸದ್ದನ್ನೂ ಮೀರಿತು. ಹೋರಿಗಳು ಮೆಲುಕು ನಿಲ್ಲಿಸಿ ನೋಡಿದವು. ಕಡೆಗೆ ಇಬ್ಬರೂ ಸಂಜೀವನ ಕಡೆ ತಿರುಗಿದರು. ಅವನು ಸುಮ್ಮನಿದ್ದ. ಅದು ತನ್ನ ಪರ ಎಂದಳು ಸೌದಾ. ತನ್ನ ಪರ ಎಂದಳು ಜುಮಾನಾ. ಸೌದಾ ಕಾರಿನ ಬಾಗಿಲು ತೆರೆದಳು. ಅವಳು ಹೋದರೆ ತನ್ನ ಮನೆಯೂ ಹೋದಂತೆ ಎಂದು ಸಂಜೀವನಿಗೆ ಹೊಳೆಯಿತು.

"ಸುಳಿ ಇರೋದು ಚರ್ಮದ ಮೇಲೆ," ಎಂದ ಅವನು. "ಚರ್ಮ ಮದುವೆ ಮನೆಗೆ ಬರೋದಿಲ್ಲ. ಮಾಂಸಕ್ಕೆ ಸುಳಿ ಇಲ್ಲ."

ಸಲಾಂ ಅದನ್ನು ಅರಬ್ಬಿಗೆ ತಿರುಗಿಸಿದ. ಸೌದಾ ನಕ್ಕಳು, ಇವನು ನ್ಯಾಯ ಹೇಳುವ ಕಾಜಿಯಾಗಬೇಕಿತ್ತು ಎಂದಳು. ಜೋಡಿಸುಳಿಯ ಹೋರಿ ಆ ಮಧ್ಯಾಹ್ನವೇ ಅವಳ ಪಾಲಾಯಿತು.

ಗಾಡಿ ಹತ್ತುವ ಮುಂಚೆ ಜುಮಾನಾ ಸಂಜೀವನಿಗೆ ಹೇಳಿದಳು: ಫ್ರೀಜರುಗಳನ್ನು ಗ್ಯಾರೇಜಿನ ಪಕ್ಕ ಇಡಿಸುತ್ತೇನೆ, ನಿನ್ನ ಮನೆ ನಿನಗೇ ಇರಲಿ. ಅವನು ಅಲ್ಲಿಂದಲೇ ರಾಜೇಶ್ವರಿಗೆ ಫೋನು ಮಾಡಿ ಒಂದೇ ಮಾತು ಹೇಳಿದ, "ಉಳೀತು." ಪಾಯಸ ಮಾಡಲೇ ಎಂದು ಅವಳು ಕೇಳಿದಳು.

ದಾರಿ ನೇರವಾಗಿತ್ತು, ಎರಡೂ ಕಡೆ ಮರಳು. ಹಿಂದಿನ ಸೀಟಿನಲ್ಲಿ ಜುಮಾನಾ ಮೌನವಾಗಿದ್ದಳು. ಮೌನ ಬಲ್ಲವನಾದರೂ ಅವನಿಗೆ ಈ ಮೌನ ಹಿತವೆನಿಸಲಿಲ್ಲ. ಯಾರೋ ಬೆರಳು ಮಡಚಿ ಲೆಕ್ಕ ಹಾಕುವ ಮೌನ ಅದು.

"ಸಂಜೀವ," ಎಂದಳು ಅವಳು ಕಡೆಗೆ, "ಆ ಹೋರಿ ಹುಟ್ಟುವ ಮೊದಲೇ ನನ್ನ ಅಣ್ಣ ಮಾತು ಬಿಟ್ಟಿದ್ದ. ಹಾಗಾದರೆ ಅದರ ತಪ್ಪಲ್ಲ."

ಸಂಜೀವನಿಗೆ ಹೋರಿಯ ಬಗ್ಗೆ ಸಂತೋಷವೇ ಆಯಿತು. ಹೌದು, ಪಾಪ, ಎಂದ.

"ಮನುಷ್ಯರಿಗೂ ಸುಳಿಯ ಲೆಕ್ಕ ಇದೆಯಾ?"

ಗೆದ್ದ ಉಮೇದಿನಲ್ಲಿ ಅವನು, ಇದೆ, ನಮ್ಮ ಕಡೆ ಅದನ್ನೂ ನೋಡುತ್ತಾರೆ ಎಂದುಬಿಟ್ಟ. ಅವಳು ಸೀಟಿನಿಂದ ಮುಂದಕ್ಕೆ ಬಾಗಿದಳು.

"ಅಲ್ ಖೋರ್ ಬಿಟ್ಟಾಗಿನಿಂದ ನಿನ್ನ ತಲೆಯ ಹಿಂಭಾಗ ನೋಡುತ್ತಿದ್ದೇನೆ. ಎರಡಿವೆ. ನೀನು ಮನೆಗೆ ಬಂದ ತಿಂಗಳೇ ನನ್ನ ಅಣ್ಣ ಹೊರಟುಹೋದದ್ದು."

ಸಂಜೀವನ ಕೈ ತಾನಾಗಿ ನೆತ್ತಿಗೆ ಹೋಯಿತು. ಅದು ಅವನು ಎಂದೂ ನೋಡದ ಜಾಗ. ಇದೆಲ್ಲ ಹಳೇ ಕಾಲದ ಮಾತು ಮೇಡಂ, ತೋಟದಲ್ಲಿ ನಾನೇ ಹೇಳಲಿಲ್ಲವೇ ಎಂದು ತೊದಲಿದ.

"ಮಾಂಸಕ್ಕೆ ಸುಳಿ ಇಲ್ಲ ಎಂದೆ, ನಾನೂ ಒಪ್ಪಿದೆ," ಎಂದಳು ಜುಮಾನಾ, ಸಿಟ್ಟಿಲ್ಲದೆ. "ಆದರೆ ನೀನು ನನ್ನ ಮನೆಯಲ್ಲಿ ಚರ್ಮದ ಸಮೇತ ಇದ್ದೀಯ. ತಿಂಗಳ ಕೊನೆಗೆ ಖಲಾಸ್."

ಮನೆಯೊಳಗೆ ಏಲಕ್ಕಿಯ ವಾಸನೆ ಹಬ್ಬಿತ್ತು. ಪೂವಕ್ಕ ಬಟ್ಟಲು ಹಿಡಿದು ಕೂತಿದ್ದಳು. ಸಂಜೀವ ಚಾಪೆಯ ಮೇಲೆ ಕೂತು, ತನ್ನ ಜೀವಮಾನದ ಅತಿ ದೀರ್ಘ ಭಾಷಣವನ್ನು ಮಾಡಿ ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ರಾಜೇಶ್ವರಿ ಸೌಟು ಕೆಳಗಿಟ್ಟು ಅವನ ಹಿಂದೆ ಬಂದು ನಿಂತಳು. ಕೂದಲು ಸರಿಸಿ ಬೆರಳಿನಿಂದ ಒಂದು ಕಡೆ ಮುಟ್ಟಿದಳು, ಇನ್ನೊಂದು ಕಡೆ ಮುಟ್ಟಿದಳು. ಎರಡು ಸುಳಿಯವರಿಗೆ ಎರಡು ಮದುವೆ ಅಂತ ನಮ್ಮಲ್ಲಿ ಹೇಳುತ್ತಾರೆ ಎಂದು ಪೂವಕ್ಕ ಒಳ್ಳೆಯ ಮನಸ್ಸಿನಿಂದಲೇ ನೆನಪು ಮಾಡಿದಳು.

ಬೇರೆ ಮನೆ ಹುಡುಕೋಣ, ಸೌಂದರ್ಯಾಳ ಶಾಲೆಗೆ ಬಸ್ಸಿದೆ ಎಂದು ಸಂಜೀವ ಹೆಂಡತಿಯನ್ನು ಸಮಾಧಾನಪಡಿಸಲು ನೋಡಿದ.

"ಮನೀದು ಆಮ್ಯಾಲ ನೋಡೂಣು," ಎಂದಳು ರಾಜೇಶ್ವರಿ, ಬೆರಳು ತೆಗೆಯದೆ. "ಹೆಣ್ಣು ನೋಡಾಕ ಬಂದಾಗ ಟೋಪಿ ಹಾಕ್ಕೊಂಡು ಯಾಕ ಬಂದಿದ್ರಿ, ಅದನ್ನ ಮೊದಲ ಹೇಳ್ರಿ."